ಚಿತ್ರವೂ ಹೆಸರೂ

ನಮ್ಮಲ್ಲಿ ಬೇಸಗೆ ಎಂದರೆ ಬಾಗಿಲು ಮುಚ್ಚಿ ನೆರಳಿನಲ್ಲಿ ಕೂರುವ ಕಾಲ. ಲಂಡನ್ ನಗರದಲ್ಲಿ ಅದು ಬಾಗಿಲು ತೆರೆದು ಹೊರಗೆ ಬರುವ ಕಾಲ. ಸೂರ್ಯದರ್ಶನವೇ ಒಂದು ಪರ್ವವಾದ ಆ ಊರಿನಲ್ಲಿ ಜೂನ್ ತಿಂಗಳು ಕಾಲಿಟ್ಟಿತೆಂದರೆ ಚಿತ್ರಗಳಿಗೂ ಸುಗ್ಗಿ. ಕೆನ್ಸಿಂಗ್ಟನ್ ಉದ್ಯಾನದಲ್ಲಿ ಸರ್ಪೆಂಟೈನ್ ಚಿತ್ರಶಾಲೆಯವರು 2000ನೆಯ ಇಸವಿಯಿಂದ ಹೆಚ್ಚುಕಡಮೆ ಪ್ರತಿ ಬೇಸಗೆಯಲ್ಲಿಯೂ ಒಬ್ಬ ವಾಸ್ತುಶಿಲ್ಪಿಯಿಂದ ಹೊಸದೊಂದು ಮಂಟಪ ಕಟ್ಟಿಸಿ, ಚಳಿ ಬೀಳುವ ಹೊತ್ತಿಗೆ ಬಿಚ್ಚಿಸಿಬಿಡುತ್ತಾರೆ, ನೋಡಲು ಕಾಸಿಲ್ಲ. ಊರ ದಕ್ಷಿಣಕ್ಕೆ ಹೋದರೆ 1817ರಲ್ಲಿಯೇ ಸಾರ್ವಜನಿಕರಿಗೆ ತೆರೆದ ಡಲ್ವಿಚ್ ಚಿತ್ರಶಾಲೆಯಿದೆ. ಟ್ರಫಾಲ್ಗರ್ ಚೌಕದ ರಾಷ್ಟ್ರೀಯ ಚಿತ್ರಶಾಲೆಯಂತೂ ವರ್ಷವೆಲ್ಲ ಇರುವುದೇ. ಇವನ್ನೆಲ್ಲ ನೋಡಬೇಕಾದದ್ದೇ. ಆದರೆ ನೋಡಿದ ಮೇಲೆ ಮನಸ್ಸಿಗೆ ಒಂದು ಮುಳ್ಳನ್ನು ಚುಚ್ಚಿ ಕಳುಹಿಸುವ ಪ್ರದರ್ಶನ ಯಾವುದೆಂದರೆ, ಪಿಕಡಿಲಿ ಬೀದಿಯ ಬರ್ಲಿಂಗ್ಟನ್ ಭವನದಲ್ಲಿ ರಾಯಲ್ ಅಕಾಡೆಮಿಯವರು ನಡೆಸುವ 'ಬೇಸಗೆಯ ಪ್ರದರ್ಶನ'. ಈ ಬರಹ ಆ ಮುಳ್ಳನ್ನು ಕುರಿತದ್ದು.

ಮೂರನೆಯ ಜಾರ್ಜ್ ದೊರೆಯ ಆಶ್ರಯದಲ್ಲಿ 1768ರ ಡಿಸೆಂಬರಿನಲ್ಲಿ ಹುಟ್ಟಿದ ಸಂಸ್ಥೆ ಅದು. ಚಿತ್ರಕಾರ ಜೋಶುವ ರೆನಾಲ್ಡ್ಸ್ ಅದರ ಮೊದಲ ಅಧ್ಯಕ್ಷ. ಮರುವರ್ಷ 1769ರಲ್ಲಿ 136 ಕೃತಿಗಳನ್ನಿಟ್ಟು ಮೊದಲ ಪ್ರದರ್ಶನ ನಡೆಸಿದರು. ಅಲ್ಲಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪಿಲ್ಲ. ಎರಡು ಮಹಾಯುದ್ಧಗಳಲ್ಲಿಯೂ ನಿಲ್ಲಲಿಲ್ಲ. 2020ರ ಮಹಾಮಾರಿ ಮಾತ್ರ ಅದನ್ನು ಶರತ್ಕಾಲಕ್ಕೆ ತಳ್ಳಿತು. ಮರುವರ್ಷವೂ ಹಾಗೆಯೇ ಆಯಿತು. ಚಳಿಗಾಲದಲ್ಲಿ ನಡೆದರೂ ಹೆಸರು ಬೇಸಗೆಯದೇ. ಹೆಸರಿಗೂ ವಸ್ತುವಿಗೂ ಇರುವ ನಂಟು ಎಂಥದೆಂದು ಯೋಚಿಸುವವರಿಗೆ ಅಲ್ಲಿಯೇ ಒಂದು ದೃಷ್ಟಾಂತ ಸಿಕ್ಕಿತು.

ಈ ಪ್ರದರ್ಶನದ ವಿಶೇಷವೆಂದರೆ ಅದರ ಬಾಗಿಲು. ಯಾವ ದೇಶದವನಾಗಲಿ, ಗುರುಮುಖೇನ ಕಲಿತವನಾಗಲಿ ಅಡುಗೆಮನೆಯ ಮೇಜಿನ ಮೇಲೆ ಬರೆಯುವವಳಾಗಲಿ, ಗೊತ್ತಾದ ಶುಲ್ಕ ಕಟ್ಟಿ ಎರಡು ಕೃತಿಗಳವರೆಗೆ ಕಳುಹಿಸಬಹುದು. ಹೀಗೆ ಸಾವಿರ ಸಾವಿರ ಬರುತ್ತವೆ. ಅಕಾಡೆಮಿಯ ಸದಸ್ಯರೇ ಆದ ಕಲಾವಿದರ ಒಂದು ಸಮಿತಿ ಕುಳಿತು ಜರಡಿ ಹಿಡಿಯುತ್ತದೆ. ಹಿಂದೆಲ್ಲ ಚಿತ್ರಗಳನ್ನು ಒಂದೊಂದಾಗಿ ಸಮಿತಿಯ ಮುಂದೆ ಹೊತ್ತು ತರುತ್ತಿದ್ದರು. ಇಂದು ಮೊದಲ ಸುತ್ತನ್ನು ಗಣಕಯಂತ್ರದ ಪರದೆಯ ಮೇಲೆಯೇ ಮುಗಿಸುತ್ತಾರೆ. ದಣಿದ ತೀರ್ಪುಗಾರರಿಗೆ ನಡುವೆ ಗೋಮಾಂಸದ ಸಾರು ಕುಡಿಸುವ ಸಂಪ್ರದಾಯವೂ ಅಲ್ಲಿ ಉಂಟು. ನಮ್ಮವರಾಗಿದ್ದರೆ ಕಾಫಿಯಿಂದಲೇ ತೃಪ್ತರಾಗುತ್ತಿದ್ದರು. ಕೊನೆಗೆ ಗೋಡೆ ಹತ್ತುವುದು ಸಾವಿರದ ಚಿಲ್ಲರೆ. ಅದರಲ್ಲಿಯೂ ಅಕಾಡೆಮಿಯ ಸದಸ್ಯರಿಗೆ ಆರು ಕೃತಿಗಳವರೆಗೆ ಪರೀಕ್ಷೆಯಿಲ್ಲದೆ ಇಡುವ ಹಕ್ಕು ಇದೆ. ಬಾಗಿಲು ಎಲ್ಲರಿಗೂ ತೆರೆದಿದೆ, ನಿಜ. ಆದರೆ ಮನೆಯವರಿಗೆ ಹಿತ್ತಿಲ ಬಾಗಿಲೊಂದು ಇದ್ದೇ ಇದೆ. ಯಾವ ಮನೆಯಲ್ಲಿ ಇಲ್ಲ?

ಒಳಗೆ ಹೋದರೆ ಮೊದಲು ಕಾಣುವುದು ದಟ್ಟಣೆ. ನಮ್ಮ ಕಡೆ ಹಳೆಯ ಮನೆಗಳ ನಡುಮನೆಯಲ್ಲಿ ದೇವರ ಪಟಗಳನ್ನು ಚೌಕಟ್ಟಿಗೆ ಚೌಕಟ್ಟು ತಾಗುವಂತೆ ತೂಗುಹಾಕಿರುವುದಿಲ್ಲವೆ, ಹಾಗೆ. ಒಬ್ಬ ಪ್ರಖ್ಯಾತನ ಆಳೆತ್ತರದ ಚಿತ್ರದ ಪಕ್ಕದಲ್ಲಿ ಯಾರೋ ತಮ್ಮ ಮನೆಯ ಬೆಕ್ಕನ್ನು ಬರೆದಿರುತ್ತಾರೆ. ಎರಡನೆಯದಾಗಿ ಕಣ್ಣಿಗೆ ಬೀಳುವುದು ಒಂದು ಕೊರತೆ. ಚಿತ್ರಗಳ ಕೆಳಗೆ ಬರೆದವರ ಹೆಸರಿಲ್ಲ. ಅಂಕೆಯೊಂದು ಮಾತ್ರ ಇದೆ. ಹೆಸರು, ಶೀರ್ಷಿಕೆ, ಬೆಲೆ ಎಲ್ಲವೂ ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಪುಸ್ತಿಕೆಯಲ್ಲಿವೆ. ಅಂಕೆ ನೋಡಿ, ಪುಟ ತಿರುವಿ, ಹೆಸರು ಹುಡುಕಿಕೊಳ್ಳಬೇಕು.

ಇಲ್ಲಿ ಪ್ರೇಕ್ಷಕರಲ್ಲಿ ಎರಡು ಪಂಗಡಗಳಾಗುತ್ತವೆ. ಗೋಡೆ ನೋಡಿ ಆಮೇಲೆ ಪುಸ್ತಿಕೆ ನೋಡುವವರು ಕೆಲವರು. ಪುಸ್ತಿಕೆ ನೋಡಿ ಆಮೇಲೆ ಗೋಡೆ ನೋಡುವವರು ಹಲವರು. ಈ ಎರಡನೆಯವರನ್ನು ಗಮನಿಸುವುದು ಚಿತ್ರ ನೋಡುವಷ್ಟೇ ಸ್ವಾರಸ್ಯ. ಒಬ್ಬ ಮಹಾಶಯ ಒಂದು ಚಿತ್ರದ ಮುಂದೆ ನಿಲ್ಲದೆ ಹೋಗುತ್ತಾನೆ. ನಾಲ್ಕು ಹೆಜ್ಜೆ ಹೋದ ಮೇಲೆ ಪುಸ್ತಿಕೆ ತೆರೆಯುತ್ತಾನೆ. ತಾನು ದಾಟಿಬಂದದ್ದು ಜಗತ್ಪ್ರಸಿದ್ಧನೊಬ್ಬನ ಕೃತಿ! ಹಿಂದಕ್ಕೆ ಬರುತ್ತಾನೆ, ತಲೆ ಓರೆಮಾಡುತ್ತಾನೆ, ಕಣ್ಣು ಕಿರಿದು ಮಾಡುತ್ತಾನೆ. ಒಂದು ನಿಮಿಷದ ಹಿಂದೆ ಏನೂ ಇಲ್ಲದಿದ್ದ ಕಡೆ ಈಗ ಅಗಾಧವಾದ ಅರ್ಥ ತುಂಬಿಕೊಂಡಿದೆ. ಬಣ್ಣ ಅದೇ, ಗೆರೆ ಅದೇ, ಬೆಳಕು ಅದೇ. ಬದಲಾದದ್ದು ಏನು?

ನಗುವುದು ಸುಲಭ. ಆದರೆ ಆ ಮನುಷ್ಯನನ್ನು ಬೂಟಾಟಿಕೆಯವನೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವನಲ್ಲಿ ಏಳುವ ಪ್ರಶ್ನೆ ನಮ್ಮೆಲ್ಲರದೂ ಹೌದು. ಕೃತಿಯನ್ನು ಅಳೆಯುವಾಗ ಕರ್ತೃವಿನ ಹೆಸರನ್ನು ಎಣಿಕೆಗೆ ತಂದುಕೊಳ್ಳುವುದು ನ್ಯಾಯವೇ, ಅನ್ಯಾಯವೇ? ಇದು ರುಚಿಯ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆ. ಏಕೆಂದರೆ ಆ ಕಡೆ ಒಬ್ಬ ಮನುಷ್ಯ ನಿಂತಿದ್ದಾನೆ. ವರ್ಷಗಟ್ಟಲೆ ದುಡಿದು, ಶುಲ್ಕ ಕಟ್ಟಿ, ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ ಕಳುಹಿಸಿದವನು ನಮ್ಮಿಂದ ಏನೋ ಒಂದನ್ನು ನಿರೀಕ್ಷಿಸುತ್ತಿದ್ದಾನೆ. ಅದು ಹೊಗಳಿಕೆಯಲ್ಲ, ಅದಕ್ಕಿಂತ ಕಡಮೆಯಾದ, ಅದಕ್ಕಿಂತ ಮುಖ್ಯವಾದ ಯಾವುದೋ ಒಂದು.

ಪ್ರಶ್ನೆ ಹಳೆಯದು. ಕಾಳಿದಾಸನು 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯಲ್ಲಿಯೇ ಇದನ್ನು ಎದುರಿಸಿದ್ದಾನೆ. ಭಾಸ, ಸೌಮಿಲ್ಲರಂತಹ ಹೆಸರಾದ ಕವಿಗಳಿರುವಾಗ ಈ ಹೊಸಬನ ನಾಟಕವನ್ನು ಯಾರು ನೋಡುತ್ತಾರೆಂದು ಅಲ್ಲಿ ಸೂತ್ರಧಾರನನ್ನು ಕೇಳುತ್ತಾರೆ. ಹಳತೆಂದ ಮಾತ್ರಕ್ಕೆ ಒಳ್ಳೆಯದಲ್ಲ, ಹೊಸತೆಂದ ಮಾತ್ರಕ್ಕೆ ಕೀಳಲ್ಲ, ತಿಳಿದವರು ಪರೀಕ್ಷಿಸಿ ಹಿಡಿಯುತ್ತಾರೆ ಎಂಬುದು ಅವನ ಉತ್ತರದ ತಾತ್ಪರ್ಯ. ಇಂದು ನಮಗೆ ತಮಾಷೆಯಾಗಿ ಕಾಣುವುದೇನೆಂದರೆ, ಹೆಸರಿಲ್ಲದವನ ಪರವಾಗಿ ಆ ವಾದ ಹೂಡಿದವನ ಹೆಸರಿನ ಬಲದಿಂದಲೇ ನಾವು ಅದನ್ನು ಉದ್ಧರಿಸುತ್ತೇವೆ.

ಇರಲಿ. 'ಪರೀಕ್ಷಿಸಿ ಹಿಡಿಯುವುದು' ಎಂದರೆ ಹೆಸರನ್ನು ಮುಚ್ಚಿಟ್ಟು ನೋಡುವುದೇ ಎಂಬುದು ಪ್ರಶ್ನೆ. ಹೆಸರು ಮುಚ್ಚಿದಾಗ ಏನಾಗುತ್ತದೆಂಬ ಪ್ರಯೋಗಗಳು ಈ ಅಕಾಡೆಮಿಯ ಚರಿತ್ರೆಯಲ್ಲಿಯೇ ನಡೆದಿವೆ. ಬೇಕೆಂದು ಕೆಲವು, ಆಕಸ್ಮಿಕವಾಗಿ ಒಂದು.

ಆಕಸ್ಮಿಕವಾದದ್ದು ಜಾನ್ ಕಾನ್‌ಸ್ಟಬಲನದು. ಇಂಗ್ಲೆಂಡಿನ ಹೊಲಗದ್ದೆಗಳ ಹಸುರನ್ನು ಇದ್ದಂತೆ ಬರೆದ ಈ ಚಿತ್ರಕಾರನನ್ನು ಅಕಾಡೆಮಿ ಪೂರ್ಣ ಸದಸ್ಯನಾಗಿ ಆರಿಸಿದ್ದು 1829ರಲ್ಲಿ, ಅವನ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದೇ ಒಂದು ಮತದ ಅಂತರದಿಂದ. ಮರುವರ್ಷ ಅವನೇ ಆಯ್ಕೆಯ ಸಮಿತಿಯಲ್ಲಿ ಕುಳಿತಿದ್ದ. ಸಾಲ್ಸ್‌ಬರಿಯ ಬಳಿಯ ನೀರಾಡುವ ಹುಲ್ಲುಗಾವಲನ್ನು ಬರೆದ ಅವನದೊಂದು ಚಿತ್ರ, ಸದಸ್ಯನದಾದ್ದರಿಂದ ಪರೀಕ್ಷೆಗೆ ಬರಬೇಕಾಗಿಯೇ ಇರಲಿಲ್ಲ. ಹೇಗೋ ಹೊರಗಿನವರ ರಾಶಿಯಲ್ಲಿ ಸೇರಿಹೋಗಿ ಸಮಿತಿಯ ಮುಂದೆ ಬಂತು. ಇದೇನು ಅಸಹ್ಯವಾದ ಹಸುರು ಎಂದು ಯಾರೋ ಗೊಣಗಿದರು. ತಿರಸ್ಕಾರದ ಗುರುತು ಬಿತ್ತು. ಆಮೇಲೆ ಕಾನ್‌ಸ್ಟಬಲ್ ಎದ್ದು ಅದು ತನ್ನದೆಂದು ಹೇಳಿದಾಗ ಸಮಿತಿಯವರ ಮುಖ ಹೇಗಾಗಿರಬೇಡ! ಕ್ಷಮೆ ಕೇಳಿದರು, ತೀರ್ಪು ಬದಲಿಸುತ್ತೇವೆಂದರು. ಅವನು ಒಪ್ಪಲಿಲ್ಲ. ತಿರಸ್ಕೃತವಾದದ್ದು ತಿರಸ್ಕೃತವಾಗಿಯೇ ಹೋಗಲೆಂದು ಹೊರಗೆ ಕಳುಹಿಸಿಬಿಟ್ಟನಂತೆ. ಆ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗೌರವದಿಂದ ನೇತಾಡುತ್ತಿದೆ. ಕೆಳಗೆ ಹೆಸರೂ ಇದೆ.

ಇದನ್ನು ಕೇಳಿದ ಕೂಡಲೆ 'ನೋಡಿದಿರಾ, ಹೆಸರಿಲ್ಲದಿದ್ದರೆ ಬೆಲೆಯಿಲ್ಲ' ಎನ್ನಬೇಕೆನಿಸುತ್ತದೆ. ಅವಸರ ಬೇಡ. 1860ರಲ್ಲಿ ನಡೆದ ಮತ್ತೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಕಾಡೆಮಿಯ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು: ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಆದರೆ ಸ್ಥಾಪಕ ಸದಸ್ಯರೆಲ್ಲ ನಗ್ನ ಮಾದರಿಯ ಮುಂದೆ ನೆರೆದಿರುವಂತೆ ಜೋಫನಿ ಬರೆದ ಹೆಸರಾದ ಚಿತ್ರದಲ್ಲಿ ಇವರಿಬ್ಬರಿಗೆ ನಿಲ್ಲಲು ಜಾಗವಿಲ್ಲ. ಹಿಂದಿನ ಗೋಡೆಯ ಮೇಲೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿ ಅವರು ಹಾಜರಿದ್ದಾರೆ. ಅಕಾಡೆಮಿಯ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಕೊಡುವುದಿಲ್ಲವೆಂದು ಯಾವ ನಿಯಮವೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಲಾರಾ ಹರ್ಫರ್ಡ್ ಎಂಬಾಕೆ ತನ್ನ ರೇಖಾಚಿತ್ರಗಳ ಮೇಲೆ ಮೊದಲಕ್ಷರಗಳನ್ನು ಮಾತ್ರ ಬರೆದು ಕಳುಹಿಸಿದಳು. ಗಂಡಸಿರಬೇಕೆಂದುಕೊಂಡು ಸೇರಿಸಿಕೊಂಡರು. ಬಂದು ನಿಂತವಳು ಹೆಂಗಸು. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ಆಧಾರವಿರಲಿಲ್ಲ. ಶಾಲೆಯ ಬಾಗಿಲು ತೆರೆಯಿತು.

ಒಂದು ಕಡೆ ಹೆಸರು ಮುಚ್ಚಿದ್ದರಿಂದ ಅನ್ಯಾಯ, ಇನ್ನೊಂದು ಕಡೆ ಹೆಸರು ಮುಚ್ಚಿದ್ದರಿಂದಲೇ ನ್ಯಾಯ. ಸಮಿತಿಯ ಕಣ್ಣು ಎರಡೂ ಕಡೆ ಕಲಾವಿದರ ಕಣ್ಣೇ.

ಉಳಿದ ಎರಡು ನಮ್ಮ ಕಾಲಕ್ಕೆ ಹತ್ತಿರವಾದವು. ಯುದ್ಧ ಗೆದ್ದು ಚುನಾವಣೆ ಸೋತ ವಿನ್‌ಸ್ಟನ್ ಚರ್ಚಿಲ್ ತನ್ನ ಹವ್ಯಾಸದ ಚಿತ್ರಗಳಲ್ಲಿ ಕೆಲವನ್ನು 1947ರಲ್ಲಿ 'ಡೇವಿಡ್ ವಿಂಟರ್' ಎಂಬ ಕಲ್ಪಿತ ಹೆಸರಿನಲ್ಲಿ ಕಳುಹಿಸಿದ, ಎರಡು ಆಯ್ಕೆಯಾದುವು. ಮರುವರ್ಷ ಅಕಾಡೆಮಿ ಅವನಿಗೆ ವಿಶೇಷವಾದ ಗೌರವ ಸದಸ್ಯತ್ವವನ್ನೇ ಕೊಟ್ಟಿತು. ಭಾರತೀಯರಾದ ನಮಗೆ ಆ ಹೆಸರಿನ ಬಗ್ಗೆ ಬೇರೆ ಲೆಕ್ಕಗಳಿವೆ. 1943ರ ಬಂಗಾಳದ ಕ್ಷಾಮವನ್ನು ಬಲ್ಲವನು ಚರ್ಚಿಲನ ಹೂಕುಂಡವನ್ನಾಗಲಿ ಹಿಮದ ಮೇಲಿನ ಬಿಸಿಲನ್ನಾಗಲಿ ನಿರ್ಲಿಪ್ತನಾಗಿ ನೋಡುವುದು ಕಷ್ಟ. ನೋಡಬೇಕೇ? ಈ ಪ್ರಶ್ನೆಯನ್ನು ನಾನು ಇಲ್ಲಿಯೇ ಬಿಟ್ಟುಬಿಡುತ್ತಿಲ್ಲ, ಮತ್ತೆ ಬರುತ್ತೇನೆ.

ಇನ್ನೊಂದು 2018ರದು. ಅದು ಪ್ರದರ್ಶನದ ಇನ್ನೂರೈವತ್ತನೆಯ ವರ್ಷ. ಗ್ರೇಸನ್ ಪೆರಿ ಎಂಬ ಕಲಾವಿದನ ಮೇಲ್ವಿಚಾರಣೆಯಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಕೃತಿಗಳನ್ನು ಗೋಡೆ ತುಂಬ ತೂಗುಹಾಕಿದ್ದರು. ಬೀದಿಯ ಗೋಡೆಗಳ ಮೇಲೆ ರಾತ್ರಿ ಕದ್ದು ಬರೆದು ಲೋಕಪ್ರಸಿದ್ಧನಾದ ಬ್ಯಾಂಕ್ಸಿ ಎಂಬಾತ ಅದಕ್ಕೆ 'ಬ್ರಯಾನ್ ಎಸ್. ಗಾಕ್‌ಮನ್' ಎಂಬ ಹೆಸರಿನಲ್ಲಿ ಒಂದು ಕೃತಿ ಕಳುಹಿಸಿದ. ತಿರಸ್ಕೃತವಾಯಿತು. ಸ್ವಲ್ಪ ದಿನಕ್ಕೆ ಅಕಾಡೆಮಿಯವರೇ ಬ್ಯಾಂಕ್ಸಿಗೆ ಆಹ್ವಾನ ಕಳುಹಿಸಿದರು: ತಾವು ಏನಾದರೂ ಕೊಡಬೇಕು. ಅವನು ಅದೇ ಕೃತಿಯನ್ನು ತುಸು ತಿದ್ದಿ ಮತ್ತೆ ಕಳುಹಿಸಿದ, ಗೋಡೆ ಹತ್ತಿತು. ಐರೋಪ್ಯ ಒಕ್ಕೂಟವನ್ನು ಬಿಡಲು ಮತ ಕೊಡಿ ಎಂಬ ಘೋಷಣೆಯ ಫಲಕವನ್ನು ಪ್ರೀತಿಗೆ ಮತ ಕೊಡಿ ಎಂದು ಮಾರ್ಪಡಿಸಿದ ಕೃತಿ ಅದು. ಪುಸ್ತಿಕೆಯಲ್ಲಿ ಅದರ ಬೆಲೆ 35 ಕೋಟಿ ಪೌಂಡು ಎಂದಿತ್ತು. ಮತಪ್ರಚಾರದ ದಿನಗಳಲ್ಲಿ ಬಸ್ಸಿನ ಮೇಲೆ ಬರೆಸಿದ್ದ ಒಂದು ದೊಡ್ಡ ಸುಳ್ಳಿನ ಅಂಕೆಯೇ ಇದು. ಸ್ವಾರಸ್ಯವೇನೆಂದರೆ 'ಬ್ಯಾಂಕ್ಸಿ' ಎಂಬುದೂ ಇಟ್ಟುಕೊಂಡ ಹೆಸರೇ. ಹಿಂದೆ ಮನುಷ್ಯನನ್ನೇ ತೋರಿಸದ ಒಂದು ಹೆಸರಿಗೆ ಮಣೆ ಸಿಕ್ಕಿತು, ಅದೇ ಮನುಷ್ಯನ ಇನ್ನೊಂದು ಹೆಸರಿಗೆ ಸಿಗಲಿಲ್ಲ.

ಅಕಾಡೆಮಿಯನ್ನು ಗೇಲಿ ಮಾಡುವವರಿಗೆ ಇಷ್ಟೇ ಸಾಕು. ನನಗೆ ಮಾತ್ರ ಕಾನ್‌ಸ್ಟಬಲನ ಪ್ರಸಂಗ ಬೇರೆಯ ಒಂದು ಪಾಠವನ್ನು ಹೇಳುವಂತೆ ತೋರುತ್ತದೆ. ಆ ಚಿತ್ರವನ್ನು ತಿರಸ್ಕರಿಸಿದವರು ಮೂರ್ಖರಲ್ಲ. ಪ್ರಕೃತಿಯನ್ನು ಪಿಟೀಲಿನ ಮರದ ಕಂದು ಬಣ್ಣದಲ್ಲಿ ನೋಡಲು ಅಭ್ಯಾಸವಾದ ಕಣ್ಣಿಗೆ ನಿಜವಾದ ಹಸುರು ಹಸಿಯಾಗಿ ಕಾಣುವುದು ಸಹಜ. ಅದು ಕಾನ್‌ಸ್ಟಬಲನದೆಂದು ತಿಳಿದಿದ್ದರೆ ಅವರು ಏನು ಮಾಡುತ್ತಿದ್ದರು? ಹೆಸರಿಗೆ ಹೆದರಿ ಒಪ್ಪುತ್ತಿದ್ದರು ಎನ್ನುವುದು ಒಂದು ಉತ್ತರ. ಇನ್ನೊಂದೂ ಉಂಟು: 'ಓ, ಇವನು ಮೂವತ್ತು ವರ್ಷದಿಂದ ಈ ಹಸುರಿನ ಬೆನ್ನುಹತ್ತಿದ್ದಾನೆ, ಇದರಲ್ಲಿ ಏನೋ ಇರಬೇಕು' ಎಂದು ಇನ್ನೊಂದು ಗಳಿಗೆ ನಿಂತು ನೋಡುತ್ತಿದ್ದರು. ಹೆಸರೆಂದರೆ ಬರಿಯ ಡಂಗುರವಲ್ಲ; ಅದು ಒಂದು ಬಾಳಿನ ದುಡಿಮೆಯ ಕಟ್ಟು. ಒಬ್ಬನ ಹತ್ತು ಕವನಗಳನ್ನು ಓದಿದವನಿಗೆ ಹನ್ನೊಂದನೆಯದು ಬೇಗ ತೆರೆಯುತ್ತದೆ. ಹನ್ನೊಂದನೆಯದನ್ನು ಮಾತ್ರ, ಅದೂ ಅಂಕಿತ ಕಿತ್ತುಹಾಕಿ, ಅಪರಿಚಿತನಿಗೆ ಕೊಟ್ಟು 'ಪರೀಕ್ಷಿಸು' ಎಂದರೆ ಅದು ನಿಷ್ಪಕ್ಷಪಾತವೂ ಹೌದು, ಕುರುಡೂ ಹೌದು.

ನಮ್ಮ ನಾಡಿನ ಶಿಲ್ಪಿಗಳು ಇದನ್ನು ಬಲ್ಲವರಾಗಿದ್ದರು ಎಂದು ತೋರುತ್ತದೆ. ಅಜಂತೆಯ ಗೋಡೆಗಳಲ್ಲಿ ಬರೆದವರು ತಮ್ಮ ಹೆಸರನ್ನು ನಮಗೆ ಬಿಟ್ಟುಹೋಗಲಿಲ್ಲ. ಹೊಯ್ಸಳರ ಕಾಲದ ಕಲ್ಲುಕುಟಿಗರಾದರೋ ಧಾರಾಳವಾಗಿ ಹೆಸರು ಕೊರೆದರು. ಬೇಲೂರಿನಲ್ಲಿ ದಾಸೋಜ, ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಹೆಸರಿದ್ದ ಮಾತ್ರಕ್ಕೆ ಮದನಿಕೆಯ ಚೆಲುವು ಹೆಚ್ಚಲಿಲ್ಲ, ಇಲ್ಲದ ಮಾತ್ರಕ್ಕೆ ಪದ್ಮಪಾಣಿಯ ಕರುಣೆ ಕುಗ್ಗಲಿಲ್ಲ. ಆದರೆ ಮಲ್ಲಿತಮ್ಮನ ಹೆಸರನ್ನು ಒಂದು ಕಡೆ ಓದಿದ ಮೇಲೆ ಇನ್ನೊಂದು ಗುಡಿಯಲ್ಲಿ ಅದೇ ಹೆಸರು ಕಂಡಾಗ ನಮ್ಮ ನೋಟ ಚುರುಕಾಗುತ್ತದೆ. ಆ ಕೈಯ ಗುಣವನ್ನು ಹುಡುಕತೊಡಗುತ್ತೇವೆ. ಅಲ್ಲಿ ಹೆಸರು ನೋಟಕ್ಕೆ ಪ್ರೇರಣೆ. ಬರ್ಲಿಂಗ್ಟನ್ ಭವನದ ಆ ಮಹಾಶಯನಿಗೆ ಹೆಸರು ನೋಟದ ಬದಲಿಗೆ ಬಂದದ್ದು. ಈ ಎರಡಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ. ಹೊರಗಿನಿಂದ ನೋಡಿದರೆ ಇಬ್ಬರೂ ಹಿಂದಕ್ಕೆ ಬಂದು ಎರಡನೆಯ ಬಾರಿ ನಿಂತವರೇ. ಒಳಗೆ ಏನು ನಡೆಯಿತೆಂಬುದು ಅವರವರಿಗೆ ಮಾತ್ರ ಗೊತ್ತು, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ.

ಚರ್ಚಿಲನ ಪ್ರಶ್ನೆಗೆ ಈಗ ಬರಬಹುದು. ಡೇವಿಡ್ ವಿಂಟರನ ಚಿತ್ರ ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಬೇಕಾದದ್ದೇ. ಚರ್ಚಿಲನದೆಂದು ತಿಳಿದ ಮೇಲೆ ಅದು ಕೆಟ್ಟ ಚಿತ್ರವಾಗುವುದಿಲ್ಲ. ಆದರೆ ತಿಳಿದ ಮೇಲೂ ಹಿಂದಿನಂತೆಯೇ ನೋಡಬೇಕೆಂದು ಪ್ರೇಕ್ಷಕನನ್ನು ಬಲವಂತಪಡಿಸಲು ಯಾರಿಗೂ ಹಕ್ಕಿಲ್ಲ. ಮನೆಗೆ ಬಂದ ಅತಿಥಿಯ ಹಾಡು ಸೊಗಸಾಗಿದೆ. ಅವನು ನಮ್ಮ ನೆರೆಯವನ ಹೊಲ ಕಸಿದವನೆಂದು ಆಮೇಲೆ ತಿಳಿಯಿತು. ಹಾಡು ಅಪಸ್ವರವಾಗಲಿಲ್ಲ, ಕೇಳುವ ಮನಸ್ಸು ಎದ್ದುಹೋಯಿತು, ಅಷ್ಟೆ. ತೀರ್ಪು ಬೇರೆ, ಸಹವಾಸ ಬೇರೆ. ತೀರ್ಪಿನಲ್ಲಿ ಹೆಸರಿಗೆ ಎಡೆ ಕೊಡದಿರುವುದು ನ್ಯಾಯ. ಸಹವಾಸದಲ್ಲಿ ಕೊಡದಿರು ಎನ್ನುವುದು ಅತಿ. ಗೌರವ ಸದಸ್ಯತ್ವ ಕೊಟ್ಟವರು ಯಾವುದನ್ನು ಕೊಟ್ಟರೆಂದು ಅವರೇ ಹೇಳಬೇಕು.

ಹಾಗಾದರೆ ಕಲಾವಿದನಿಗೆ ನಮ್ಮಿಂದ ಸಲ್ಲಬೇಕಾದದ್ದು ಏನು? ನಾನು ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಸಾವಿರದ ಮುನ್ನೂರು ಕೃತಿಗಳಿವೆ. ಸಾಮಾನ್ಯ ಪ್ರೇಕ್ಷಕನ ಕಾಲು ಎರಡು ಗಂಟೆ ಸಹಿಸುತ್ತದೆ. ಒಂದೊಂದಕ್ಕೆ ಸಿಗುವುದು ಐದೂವರೆ ಸೆಕೆಂಡು. ಗೋಡೆಯಿಂದ ಗೋಡೆಗೆ ನಡೆಯುವ ಹೊತ್ತು, ಗೆಳೆಯನಿಗೆ ನಮಸ್ಕಾರ ಹೇಳುವ ಹೊತ್ತು, ಪುಸ್ತಿಕೆ ತಿರುವುವ ಹೊತ್ತು ಎಲ್ಲವೂ ಇದರಲ್ಲಿಯೇ ಸೇರಿದೆ. ಕಾನ್‌ಸ್ಟಬಲನ ಹುಲ್ಲುಗಾವಲಿಗೆ ಆ ಸಮಿತಿ ಕೊಟ್ಟದ್ದೂ ಇದಕ್ಕಿಂತ ಬಹಳ ಹೆಚ್ಚಿರಲಾರದು. ಸಮಿತಿಯನ್ನು ನೋಡಿ ನಗುವ ನಾವು ಪ್ರತಿಯೊಬ್ಬರೂ ಸಭಾಂಗಣದಲ್ಲಿ ಒಂದು ಕ್ರೂರವಾದ ಸಮಿತಿಯೇ; ನಮ್ಮ ತಿರಸ್ಕಾರಕ್ಕೆ ಗುರುತು ಹಾಕುವ ಶ್ರಮವೂ ಬೇಡ, ನಡೆದುಹೋದರೆ ಸಾಕು. ಇಂಥ ಅವಸರದಲ್ಲಿ ಹೆಸರು ಕೈಗೆ ಸಿಕ್ಕ ಊರುಗೋಲಾಗುತ್ತದೆ. ಹೊತ್ತಿದ್ದವನಿಗೆ ಅದರ ಅಗತ್ಯ ಕಡಮೆ. ಹೆಸರು ಇದ್ದದ್ದರಿಂದ ಆದ ಅನ್ಯಾಯವೂ ಇಲ್ಲದ್ದರಿಂದ ಆದ ಅನ್ಯಾಯವೂ ಬೇರಿನಲ್ಲಿ ಒಂದೇ: ನಿಲ್ಲದಿರುವುದು.

ಎಲ್ಲದರ ಮುಂದೆಯೂ ನಿಲ್ಲಲಾಗದು ಎಂದು ಓದುಗರು ಹೇಳಬಹುದು. ನಿಜ. ಆರಿಸಲೇಬೇಕು. ಆದರೆ ಯಾವುದು ನಮ್ಮನ್ನು ನಿಲ್ಲಿಸುತ್ತದೆ ಎಂಬುದನ್ನಾದರೂ ಗಮನಿಸಬಹುದು. ಹೆಸರಲ್ಲದೆ ನಿಲ್ಲಿಸುವ ಸಂಗತಿಗಳು ಬೇಕಾದಷ್ಟಿವೆ. ಒಂದು, ಎತ್ತರ. 1780ರಿಂದ ಸಾಮರ್ಸೆಟ್ ಭವನದಲ್ಲಿ ಪ್ರದರ್ಶನ ನಡೆಯುತ್ತಿದ್ದಾಗ ನೆಲದಿಂದ ಸುಮಾರು ಎಂಟಡಿ ಎತ್ತರದಲ್ಲಿ ಗೋಡೆಯ ಸುತ್ತ ಒಂದು ಪಟ್ಟಿಯಿತ್ತು. ಅದಕ್ಕೆ 'ಗೆರೆ' ಎಂದು ಹೆಸರು. ಗೆರೆಯ ಮೇಲೆ ಕೂತ ಚಿತ್ರ ಅದೃಷ್ಟವಂತ. ಚಾವಣಿಗೆ ಹತ್ತಿದ್ದು ಸತ್ತಂತೆ. ಗೇನ್ಸ್‌ಬರೊ 1784ರಲ್ಲಿ ಮೂವರು ರಾಜಕುಮಾರಿಯರ ಚಿತ್ರವನ್ನು ಕೆಳಗೆ ತೂಗುಹಾಕಬೇಕೆಂದು ಬೇಡಿದ; ಒಪ್ಪದಿದ್ದಾಗ ತನ್ನ ಚಿತ್ರಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡು ಮತ್ತೆಂದೂ ಅಲ್ಲಿ ಪ್ರದರ್ಶಿಸಲಿಲ್ಲ. ಗೇನ್ಸ್‌ಬರೊ ಮುನಿಸಿಕೊಳ್ಳಬಲ್ಲವನಾಗಿದ್ದ. ಮುನಿಸಿಗೆ ಬೆಲೆಯಿಲ್ಲದವರು ಚಾವಣಿಯಲ್ಲಿಯೇ ಇದ್ದರು.

ಎರಡನೆಯದು, ನೆರೆ. ಇದರ ಕಥೆ 1832ರದು. ಕಾನ್‌ಸ್ಟಬಲ್ ವಾಟರ್ಲೂ ಸೇತುವೆಯ ಪ್ರಾರಂಭೋತ್ಸವವನ್ನು ಕೆಂಪು ಹೊನ್ನು ಸುರಿದು ಬರೆದಿದ್ದ. ಪಕ್ಕದಲ್ಲಿ ಟರ್ನರನ ಬೂದು ಬಣ್ಣದ ಕಡಲು. ಪ್ರದರ್ಶನ ತೆರೆಯುವ ಮುನ್ನ ಚಿತ್ರಗಳಿಗೆ ಕೊನೆಯ ಮೆರುಗು ಕೊಡಲು ಕಲಾವಿದರಿಗೆ ಬಿಟ್ಟ ದಿನಗಳಲ್ಲಿ ಟರ್ನರ್ ಬಂದ; ಎರಡು ಚಿತ್ರಗಳನ್ನೂ ಒಂದು ಸಲ ನೋಡಿದ; ತನ್ನ ಕಡಲಿನ ಮೇಲೆ ನಾಣ್ಯದಷ್ಟಗಲ ಒಂದೇ ಒಂದು ಕೆಂಪು ಬೊಟ್ಟಿಟ್ಟು ಮಾತಿಲ್ಲದೆ ಹೊರಟುಹೋದ. ಕಾನ್‌ಸ್ಟಬಲನ ಕೆಂಪೆಲ್ಲ ಮಂಕಾಯಿತು. ಟರ್ನರ್ ಬಂದು ಕೋವಿ ಹಾರಿಸಿಹೋದ ಎಂದು ಅವನು ಗೆಳೆಯನ ಮುಂದೆ ಹೇಳಿಕೊಂಡನಂತೆ. ಟರ್ನರ್ ಆಮೇಲೆ ಆ ಬೊಟ್ಟನ್ನು ತಿದ್ದಿ ನೀರಿನಲ್ಲಿ ತೇಲುವ ಗುರುತುಬುರುಡೆಯನ್ನಾಗಿ ಮಾಡಿದ. ಇದರಲ್ಲಿ ಯಾರ ತಪ್ಪಿದೆ? ಟರ್ನರ್ ತನ್ನ ಚಿತ್ರವನ್ನಲ್ಲದೆ ಇನ್ನೊಬ್ಬರದನ್ನು ಮುಟ್ಟಲಿಲ್ಲ. ಆದರೂ ಇನ್ನೊಂದು ಚಿತ್ರ ಕೆಟ್ಟಿತು. ಒಂದೇ ಗೋಡೆಯ ಮೇಲೆ ಬಾಳುವುದರ ಕಷ್ಟ ಇದು. ನಾವು 'ಇದು ಸಪ್ಪೆ' ಎಂದು ದಾಟಿಹೋದ ಎಷ್ಟು ಚಿತ್ರಗಳ ಪಕ್ಕದಲ್ಲಿ ಯಾವ ಕೆಂಪು ಬೊಟ್ಟು ಇತ್ತೋ!

ಮೂರನೆಯದು, ಬೆಲೆ. ಪುಸ್ತಿಕೆಯಲ್ಲಿ ಅದನ್ನು ಕಂಡ ಮೇಲೆ ಕಣ್ಣು ತನಗೆ ತಾನೇ ತಕ್ಕಡಿಯಾಗುತ್ತದೆ. ಮಾರಾಟವಾದ ಮುದ್ರಣಚಿತ್ರಗಳ ಪಕ್ಕದಲ್ಲಿ ಕೆಂಪು ಚುಕ್ಕೆಗಳನ್ನು ಅಂಟಿಸುತ್ತಾರೆ. ದಡಾರದಂತೆ ಚುಕ್ಕೆ ಎದ್ದ ಕಡೆಗೇ ಜನ ಸೇರುತ್ತಾರೆ. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಈ ಪ್ರದರ್ಶನಕ್ಕೆ ಬಂದಿದ್ದರೆ ಎಂಟನೆಯದಾಗಿ ಬೆಲೆಪಟ್ಟಿಯನ್ನು ಸೇರಿಸುತ್ತಿದ್ದನೋ ಏನೋ. ಆದರೂ ಬೆಲೆಪಟ್ಟಿಯನ್ನು ನಾನು ಪೂರ್ತಿ ಬಯ್ಯಲಾರೆ. ಮಾರಾಟದಲ್ಲಿ ಅಕಾಡೆಮಿಗೆ ಸಲ್ಲುವ ಪಾಲಿನ ನೆರವಿನಿಂದ ಅದರ ಶಾಲೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗಳು ಮೂರು ವರ್ಷ ಶುಲ್ಕವಿಲ್ಲದೆ ಕಲಿಯುತ್ತಾರೆ. ಲಾರಾ ಹರ್ಫರ್ಡ್ ಮೊದಲಕ್ಷರಗಳ ಮರೆಯಲ್ಲಿ ನುಸುಳಬೇಕಾಗಿದ್ದ ಶಾಲೆಯೇ ಅದು.

ಹೆಸರಿಲ್ಲದವರನ್ನು ಜನವೇ ಕಂಡುಕೊಂಡ ಪ್ರಸಂಗವೂ ಒಂದುಂಟು, ಹೇಳದಿದ್ದರೆ ಲೋಪವಾದೀತು. 1874ರಲ್ಲಿ ಎಲಿಜಬೆತ್ ಥಾಂಪ್ಸನ್ ಎಂಬ ಇಪ್ಪತ್ತೇಳು ವರ್ಷದ ಹುಡುಗಿ ಕ್ರಿಮಿಯಾ ಯುದ್ಧದ ಹಿಮದಲ್ಲಿ ಹಾಜರಿ ಕೊಡಲು ನಿಂತ ದಣಿದ ಸಿಪಾಯಿಗಳ ಸಾಲನ್ನು ಬರೆದು ಕಳುಹಿಸಿದಳು. ಸೇನಾಪತಿಯ ಜಯಭೇರಿ ಇಲ್ಲ. ಗಾಯಗೊಂಡ, ನಿದ್ದೆಗೆಟ್ಟ, ಒಬ್ಬನಂತೆ ಇನ್ನೊಬ್ಬನಿಲ್ಲದ ಮುಖಗಳು. ಆ ಚಿತ್ರದ ಮುಂದೆ ನೆರೆದ ಜನರನ್ನು ಹಿಡಿಯಲು ಪೋಲೀಸಿನವನನ್ನು ನಿಲ್ಲಿಸಬೇಕಾಯಿತು. ವಿಕ್ಟೋರಿಯಾ ರಾಣಿಯೇ ಚಿತ್ರವನ್ನು ಪಡೆದುಕೊಂಡಳು. ಜನ ಅಲ್ಲಿ ನಿಂತದ್ದು ಹೆಸರು ಕೇಳಿ ಅಲ್ಲ. ಎಷ್ಟೋ ಮನೆಗಳಿಂದ ಅಂಥ ಸಾಲಿಗೆ ಒಬ್ಬೊಬ್ಬರು ಹೋಗಿದ್ದರು. ಐದು ವರ್ಷದ ಮೇಲೆ ಆಕೆಯನ್ನು ಅಕಾಡೆಮಿಗೆ ಸೇರಿಸಿಕೊಳ್ಳುವ ಮಾತು ಬಂದಾಗ ಎರಡು ಮತಗಳಿಂದ ಸೋತಳು. ಸ್ಥಾಪಕರಾದ ಆ ಇಬ್ಬರ ನಂತರ ಒಬ್ಬ ಹೆಂಗಸು, ಲಾರಾ ನೈಟ್, ಪೂರ್ಣ ಸದಸ್ಯೆಯಾಗಲು 1936ರವರೆಗೆ ಕಾಯಬೇಕಾಯಿತು.

ಜನ ಎಂದಾಗ ಬಾಗಿಲಿನ ಸುಂಕದ ನೆನಪಾಗುತ್ತದೆ. 1769ರ ಮೊದಲ ಪ್ರದರ್ಶನದ ಪಟ್ಟಿಯಲ್ಲಿಯೇ ಅಕಾಡೆಮಿಯವರು ಒಂದು ಸಮಜಾಯಿಷಿ ಅಚ್ಚುಹಾಕಿಸಿದ್ದರು. ಪುಕ್ಕಟೆ ಬಿಡಬೇಕೆಂದೇ ನಮ್ಮ ಆಸೆಯಿತ್ತು, ಆದರೆ ತಕ್ಕವರಲ್ಲದವರು ನುಗ್ಗಿ ತುಂಬಿಕೊಂಡು, ಯಾರಿಗಾಗಿ ಪ್ರದರ್ಶನವೋ ಅವರಿಗೇ ಜಾಗವಿಲ್ಲದಂತಾಗದಿರಲು ದುಡ್ಡು ತೆಗೆದುಕೊಳ್ಳುವುದಲ್ಲದೆ ಬೇರೆ ಉಪಾಯ ತೋಚಲಿಲ್ಲ, ಎಂದು. ತಕ್ಕವರು ಯಾರೆಂದು ಒಂದು ಷಿಲಿಂಗ್ ನಾಣ್ಯ ತೀರ್ಮಾನಿಸುತ್ತಿತ್ತು. ಕೃತಿಗೆ ಹೆಸರಿನ ಪರೀಕ್ಷೆ, ಪ್ರೇಕ್ಷಕನಿಗೆ ಕಿಸೆಯ ಪರೀಕ್ಷೆ. ಇಂದೂ ಬೇಸಗೆಯ ಪ್ರದರ್ಶನಕ್ಕೆ ಟಿಕೀಟು ಉಂಟು, ಅಗ್ಗವೇನಲ್ಲ. ಕೈ ಬಿಗಿಯಿರುವವರು ಟ್ರಫಾಲ್ಗರ್ ಚೌಕಕ್ಕೆ ಹೋಗಿ ರಾಷ್ಟ್ರೀಯ ಚಿತ್ರಶಾಲೆಯ ಶಾಶ್ವತ ಸಂಗ್ರಹವನ್ನು ಕಾಸಿಲ್ಲದೆ ನೋಡಬಹುದು. ಆದರೆ ಅಲ್ಲಿ ಎಲ್ಲರಿಗೂ ಹೆಸರಿದೆ. ಹೆಸರಿಲ್ಲದವರನ್ನು ನೋಡುವುದಕ್ಕೇ ದುಡ್ಡು ಕೊಡಬೇಕಾದದ್ದು ಲೋಕದ ಒಂದು ವಿಚಿತ್ರ.

ಹೋಗುವವರಿಗೆ ನನ್ನ ಸಲಹೆ ಇಷ್ಟು. ಪುಸ್ತಿಕೆಯನ್ನು ಮೊದಲ ಸುತ್ತಿನಲ್ಲಿ ಜೇಬಿನಲ್ಲಿಡಿ. ಎಲ್ಲ ಕೋಣೆಗಳನ್ನೂ ಬೇಗ ಬೇಗ ಸುತ್ತಿಬನ್ನಿ. ಅದರಲ್ಲಿಯೂ ಚಿಕ್ಕ ಚಿಕ್ಕ ಚಿತ್ರಗಳನ್ನು ಒತ್ತಾಗಿ ತುಂಬಿದ ಕೋಣೆಯನ್ನು ಬಿಡಬೇಡಿ. ಹೆಸರಿಲ್ಲದವರಲ್ಲಿ ಬಹುಮಂದಿ ಅಲ್ಲಿಯೇ ಇರುತ್ತಾರೆ. ಅವುಗಳಲ್ಲಿ ನಾಲ್ಕೋ ಐದೋ ಚಿತ್ರಗಳು ನಿಮ್ಮನ್ನು ಕರೆದಾವು. ಹಿಂದಿರುಗಿ ಹೋಗಿ ಅವುಗಳ ಮುಂದೆ ನಿಂತುಕೊಳ್ಳಿ, ಕಾಲು ನೋಯುವವರೆಗೆ. ಒಂದಾದರೂ ನಿಮಗೆ ಮೊದಲು ಹಿಡಿಸದಿದ್ದುದಾಗಿರಲಿ. ಹೆಸರು ನೋಡುವುದು ಆಮೇಲೆ. ಗೊತ್ತಿಲ್ಲದ ಹೆಸರಾದರೆ ಗುರುತು ಹಾಕಿಕೊಳ್ಳಿ. ಮುಂದಿನ ಬೇಸಗೆಯಲ್ಲಿ ಅದೇ ಹೆಸರು ಬಂದೀತೇ ನೋಡೋಣ.

ಬಿಡುವಿದ್ದರೆ ಮರುದಿನ ಸಾಮರ್ಸೆಟ್ ಭವನಕ್ಕೂ ಹೋಗಬೇಕು. ಅಕಾಡೆಮಿ ಅಲ್ಲಿಂದ 1837ರಲ್ಲಿ ಟ್ರಫಾಲ್ಗರ್ ಚೌಕಕ್ಕೂ 1869ರ ಹೊತ್ತಿಗೆ ಬರ್ಲಿಂಗ್ಟನ್ ಭವನಕ್ಕೂ ಹೋಯಿತು. ಈಗ ಅಲ್ಲಿ ಕೋರ್ಟಾಲ್ಡ್ ಚಿತ್ರಶಾಲೆಯಿದೆ. ಸುತ್ತಿ ಸುತ್ತಿ ಏರುವ ಆ ಕಡಿದಾದ ಮೆಟ್ಟಿಲುಗಳ ಮೇಲೆ ಪ್ರದರ್ಶನಕ್ಕೆ ಬಂದ ದೊಡ್ಡಮನುಷ್ಯರು ಒಬ್ಬರ ಮೇಲೊಬ್ಬರು ಉರುಳುವಂತೆ ರೌಲೆಂಡ್‌ಸನ್ ಎಂಬ ವ್ಯಂಗ್ಯಚಿತ್ರಕಾರ ಬರೆದು ಊರನ್ನೆಲ್ಲ ನಗಿಸಿದ್ದ. ಮೆಟ್ಟಿಲು ಹತ್ತಿದರೆ ತುದಿಯಲ್ಲಿ ಮಹಾಶಾಲೆ; ಬಾಗಿಲ ಮೇಲೆ, ಕಲಾದೇವಿಯರ ಕೃಪೆಯಿಲ್ಲದವರು ಒಳಗೆ ಬರಬಾರದೆಂಬ ಅರ್ಥದ ಗ್ರೀಕ್ ಅಕ್ಷರಗಳು. ಗೇನ್ಸ್‌ಬರೊ ಮುನಿಸಿಕೊಂಡದ್ದು, ಟರ್ನರ್ ಬೊಟ್ಟಿಟ್ಟದ್ದು, ಕಾನ್‌ಸ್ಟಬಲನ ಹಸುರಿಗೆ ಜಾಗ ಸಿಗದೆ ಹೋದದ್ದು ಎಲ್ಲ ಇಲ್ಲಿಯ ಪ್ರದರ್ಶನಗಳಲ್ಲಿಯೇ. 2021ರಲ್ಲಿ ಆ ಶಾಲೆಯನ್ನು ಜೀರ್ಣೋದ್ಧಾರ ಮಾಡಿ ಮತ್ತೆ ತೆರೆದಾಗ ಅದರ ಗೋಡೆಗಳಿಗೆ ಫ್ರಾನ್ಸಿನ ಚಿತ್ರಗಳನ್ನು ತಂದು ಹಾಕಿದರು. 1863ರಲ್ಲಿ ಪ್ಯಾರಿಸ್ಸಿನ ಸಮಿತಿ ತಿರಸ್ಕರಿಸಿ ಕಳುಹಿಸಿದ್ದ ಮಾನೆಯ 'ಫೋಲಿ ಬೆರ್ಜೇರಿನ ಪಾನಗೃಹ' ಅಲ್ಲಿದೆ. ತಿರಸ್ಕೃತವಾದದ್ದು ಆ ಚಿತ್ರವಲ್ಲ, ಅದನ್ನು ಬರೆದ ಕೈ. ಕಿವಿಗೆ ಪಟ್ಟಿ ಕಟ್ಟಿಕೊಂಡ ವ್ಯಾನ್ ಗೋನ ಸ್ವಚಿತ್ರವೂ ಅಲ್ಲಿಯೇ ಇದೆ. ಪಕ್ಕದಲ್ಲಿ ಅಚ್ಚುಕಟ್ಟಾದ ಹೆಸರಿನ ಚೀ​ಟಿಗಳಿವೆ. ಬಂದವರು ಮೊದಲು ಚೀಟಿ ಓದಿ, ಆಮೇಲೆ ತಲೆಯೆತ್ತುತ್ತಾರೆ.